ರಾತ್ರಿ ಏಳಬೇಕಾಗುತ್ತೆ ಅಂತ ನೀರು ಕುಡಿಯೋದನ್ನು ಬಿಡಬೇಡಿ

ಓದುಗರ ಪತ್ರ: ನನಗೀಗ ಏಳನೇ ತಿಂಗಳು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತೆ ಅಂತ ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೆ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಸುತ್ತಲಿನ ನೀರು ಸ್ವಲ್ಪ ಕಡಿಮೆ ಇದೆ ಅಂದರು. ಇದರಿಂದ ಹಾರ್ಮೋನು ಏರುಪೇರಾಗಿ ಮಗುವಿಗೆ ತೊಂದರೆ ಆಗುತ್ತಾ?

ಸಂಪಾದಕರ ಉತ್ತರ:

ನಿದ್ದೆಗೆಟ್ಟು ಸಾಕಾದವರು ಹೀಗೆ ಮಾಡುವುದು ಸಹಜ. ಅದಕ್ಕಾಗಿ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಆದರೆ ಈ ಅಭ್ಯಾಸವನ್ನು ಇವತ್ತೇ ಬಿಡಿ.

ಮೈಯಲ್ಲಿ ನೀರು ಇಳಿದರೆ ರಕ್ತ ಗಟ್ಟಿಯಾಗುತ್ತದೆ, ಅಂದರೆ ಅದರಲ್ಲಿ ಉಪ್ಪಿನಂಶದ ಪ್ರಮಾಣ ಏರುತ್ತದೆ. ಆಗ ಮೆದುಳು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರ ಕಡುಹಳದಿಯಾಗುತ್ತದೆ. ಕೊರತೆ ಜಾಸ್ತಿಯಾದರೆ ಮೈಯಲ್ಲಿ ಉಪ್ಪು, ನೀರು ಉಳಿಸಲು ನೆರವಾಗುವ ರೆನಿನ್, ಆಂಜಿಯೊಟೆನ್ಸಿನ್, ಆಲ್ಡೊಸ್ಟಿರೋನ್ ಕೂಡ ಏರುತ್ತವೆ.

ಬಸಿರಿಯಲ್ಲಿ ಈ ಲೆಕ್ಕ ಇನ್ನಷ್ಟು ಸೂಕ್ಷ್ಮ. ರಕ್ತದ ದ್ರವಭಾಗ ಶೇಕಡಾ 40ರಿಂದ 50ರಷ್ಟು ಹೆಚ್ಚಬೇಕು. ಅದಕ್ಕೆಂದೇ ಬಾಯಾರಿಕೆ ಮೊದಲಿಗಿಂತ ಬೇಗ ಶುರುವಾಗುತ್ತದೆ. ಮಾಸು, ಅಂದರೆ ಪ್ಲಾಸೆಂಟಾ, ವಾಸೊಪ್ರೆಸಿನ್ ಅನ್ನು ಒಡೆಯುವ ಕಿಣ್ವವನ್ನೂ ತಯಾರಿಸುತ್ತದೆ. ಹಾಗಾಗಿ ತಾಯಿಯ ಮೈ ಆ ಹಾರ್ಮೋನನ್ನು ಇನ್ನೂ ಹೆಚ್ಚು ತಯಾರಿಸಬೇಕಾಗುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗ ಬಾಯಾರಿಕೆಯನ್ನು ತಡೆದುಕೊಳ್ಳುವುದು ಸರಿಯಲ್ಲ, ಅಲ್ವಾ?

ಇನ್ನು ಮಗುವಿನ ವಿಷಯ. ತಾಯಿಯ ವಾಸೊಪ್ರೆಸಿನ್ ಮಾಸನ್ನು ದಾಟಿ ಮಗುವಿಗೆ ಅಷ್ಟಾಗಿ ಹೋಗುವುದಿಲ್ಲ. ದಾಟುವುದು ನೀರು. ತಾಯಿಯ ರಕ್ತ ಗಟ್ಟಿಯಾದರೆ ಮಗುವಿನ ಕಡೆಯ ನೀರು ತಾಯಿಯತ್ತ ಸರಿಯುತ್ತದೆ. ಆಗ ಮಗುವಿನ ಮೆದುಳು ತನ್ನದೇ ವಾಸೊಪ್ರೆಸಿನ್ ಬಿಡುತ್ತದೆ, ಮಗು ಮೂತ್ರ ಮಾಡುವುದು ಕಡಿಮೆಯಾಗುತ್ತದೆ. ಐದು ತಿಂಗಳು ಕಳೆದ ಮೇಲೆ ಮಗುವಿನ ಸುತ್ತ ಇರುವ ನೀರಿನಲ್ಲಿ ಬಹುಪಾಲು ಅದರ ಮೂತ್ರವೇ. ಕುರಿಗಳ ಮೇಲಿನ ಅಧ್ಯಯನಗಳಲ್ಲಿ ಇದೆಲ್ಲ ಸ್ಪಷ್ಟವಾಗಿ ಕಂಡಿದೆ. ನೀರಿಲ್ಲದೆ ಬಳಲಿದ ಕುರಿಗಳ ಮರಿಗಳಲ್ಲಿ ಮುಂದೆ ರಕ್ತದೊತ್ತಡ ಹೆಚ್ಚಿದ್ದೂ ಕಂಡಿದೆ. ಅದನ್ನು ನೇರವಾಗಿ ಮನುಷ್ಯರಿಗೆ ಅನ್ವಯಿಸಿ ಗಾಬರಿಯಾಗಬೇಡಿ.

ಸಮಾಧಾನದ ಮಾತೂ ಇದೆ. ಮಗುವಿನ ಸುತ್ತ ನೀರು ಕಡಿಮೆ ಇದ್ದ ಬಸಿರಿಯರು ಸುಮಾರು ಎರಡು ಲೀಟರ್ ನೀರು ಕುಡಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ಆ ನೀರು ಹೆಚ್ಚಿದ್ದು ಕಂಡಿದೆ. ಆದರೆ ನೀರಿನ ಚೀಲ ಸೋರಿದರೂ, ಮಾಸು ಸರಿಯಾಗಿ ಕೆಲಸ ಮಾಡದಿದ್ದರೂ ಹೀಗೇ ಆಗಬಹುದು. ಹಾಗಾಗಿ ಸುಮ್ನೆ ನೀರು ಕುಡಿದು ಮನೆಯಲ್ಲಿ ಕೂರಬೇಡಿ, ಮರು ಸ್ಕ್ಯಾನ್ ತಪ್ಪಿಸಬೇಡಿ.

ಹೊಟ್ಟೆ ಬಿಗಿಯುವುದರ ಬಗ್ಗೆಯೂ ಹೇಳಬೇಕು. ವಾಸೊಪ್ರೆಸಿನ್ ಮತ್ತು ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಹತ್ತಿರದ ಬಂಧುಗಳು. ಎರಡೂ ಹಾರ್ಮೋನುಗಳಲ್ಲಿ 9 ಅಮೈನೊ ಆಮ್ಲಗಳಿವೆ, ಆ ಒಂಬತ್ತರ ಪೈಕಿ ವ್ಯತ್ಯಾಸ ಇರುವುದು ಎರಡು ಆಮ್ಲಗಳಲ್ಲಿ ಮಾತ್ರ. ನೀರು ಕಡಿಮೆಯಾದಾಗ ಕೆಲವರಿಗೆ ಹೊಟ್ಟೆ ಬಿಗಿದಂತಾಗುತ್ತದೆ. ನೀರು ಕುಡಿದು ಮಲಗಿದರೂ ಅದು ಬಿಡದಿದ್ದರೆ ಆಸ್ಪತ್ರೆಗೆ ಹೋಗಿ.

ಎಷ್ಟು ಕುಡಿಯಬೇಕು? ಊಟ, ಹಣ್ಣಿನಲ್ಲಿರುವ ನೀರೂ ಸೇರಿ ದಿನಕ್ಕೆ ಸುಮಾರು 2.3 ಲೀಟರ್ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಸೆಕೆ ಇದ್ದರೆ ಇನ್ನೂ ಜಾಸ್ತಿ ಬೇಕು. ಹೆಚ್ಚಿನ ಪಾಲು ಸಂಜೆಯೊಳಗೆ ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ವಾಂತಿ, ಭೇದಿ ಇದ್ದರೆ ಬರೀ ನೀರು ಸಾಲದು, ಓಆರ್‌ಎಸ್ ಬೇಕು. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರು ಹೇಳಿದ ಅಳತೆಯಲ್ಲೇ ಕುಡಿಯಬೇಕು.

ಮಗು ಆಡುವುದು ಕಡಿಮೆ ಅನಿಸಿದರೆ, ಕೆಳಗಿನಿಂದ ನೀರು ಜಿನುಗಿದರೆ, ಕುಡಿದಿದ್ದೆಲ್ಲ ವಾಂತಿಯಾದರೆ ಮರುದಿನದವರೆಗೆ ಕಾಯಬೇಡಿ. ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ.