ಚೀಟಿಗಿಂತ ಮೊದಲು ಫೋನು ಹೋಗಲಿ

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರ ಪತ್ರ: "ರಾತ್ರಿ ನಮ್ಮ ಅತ್ತೆಗೆ ಉಸಿರು ಕಟ್ಟಿತು. ತಾಲ್ಲೂಕು ಆಸ್ಪತ್ರೆಯವರು ಚೀಟಿ ಬರೆದು ದಾವಣಗೆರೆಗೆ ಕಳಿಸಿದರು. ಅಲ್ಲಿ ಒಂದು ಕಡೆ ಬೆಡ್ ಇಲ್ಲ, ಇನ್ನೊಂದು ಕಡೆ ಎಲ್ಲ ಟೆಸ್ಟೂ ಮತ್ತೆ ಮೊದಲಿಂದ. ತಾಲ್ಲೂಕಿಗೊಂದು ದೊಡ್ಡಾಸ್ಪತ್ರೆ ಕಟ್ಟಿ ಅಂತ ನೀವು ಯಾಕೆ ಬರೆಯುವುದಿಲ್ಲ?"

ಸಂಪಾದಕರ ಉತ್ತರ:

ಅತ್ತೆಯವರು ಈಗ ಮನೆಯಲ್ಲಿ ಓಡಾಡಿಕೊಂಡಿದ್ದಾರೆ ಅಂತ ಬರೆದಿದ್ದೀರಿ. ಓದಿ ಸಮಾಧಾನವಾಯಿತು.

ಮೂರು ವರ್ಷದ ಹಿಂದೆ ನಮ್ಮಪ್ಪನಿಗೆ ಎದೆನೋವು ಬಂದಾಗ ನಾನೂ ಹೀಗೇ ಅಲೆದಿದ್ದೇನೆ. ಇಸಿಜಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ತೆಗೆಯುವ ಹೊತ್ತಿಗೆ ಬೆವರಿಗೆ ಒದ್ದೆಯಾಗಿತ್ತು. ಚೀಟಿಯಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ ಅಂತ ಮಾತ್ರ ಇತ್ತು. ಯಾವ ಆಸ್ಪತ್ರೆ, ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಎಷ್ಟು ಗಂಟೆಗೆ ಕೊಟ್ಟಿದ್ದಾರೆ, ಒಂದೂ ಇರಲಿಲ್ಲ. "ರಕ್ತ ತೆಳು ಮಾಡುವ ಔಷಧಿ ಕೊಟ್ಟಿದ್ದಾರಾ?" ಅಂತ ಡ್ಯೂಟಿ ಡಾಕ್ಟರು ನನ್ನನ್ನೇ ಕೇಳಿದರು. ಅದನ್ನು ಗೊತ್ತಿಲ್ಲದೆ ಎರಡು ಸಲ ಕೊಟ್ಟರೆ ರಕ್ತಸ್ರಾವದ ಅಪಾಯ ಜಾಸ್ತಿ. ನನಗೇನು ಗೊತ್ತಿತ್ತು? ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಹೇಳಬೇಕಾದ್ದನ್ನು ಗಾಬರಿಯಲ್ಲಿರುವ ಮನೆಯವರ ಬಾಯಲ್ಲಿ ಹೇಳಿಸುವುದು ಯಾವ ನ್ಯಾಯ?

ತಾಲ್ಲೂಕಿಗೊಂದು ದೊಡ್ಡಾಸ್ಪತ್ರೆ ಬೇಡ ಅನ್ನುವವನು ನಾನಲ್ಲ. ಆದರೆ ಕಟ್ಟಡ ಎದ್ದ ಮಾತ್ರಕ್ಕೆ ರಾತ್ರಿ ಎರಡು ಗಂಟೆಗೆ ಹೃದಯದ ಡಾಕ್ಟರು ಅಲ್ಲಿ ಇರುವುದಿಲ್ಲ. ಇರುವುದನ್ನು ಮೊದಲು ಜೋಡಿಸಬೇಕು. ನಮ್ಮ ಭಾಗದಲ್ಲಿ ಇರುವುದೇನು ಕಡಿಮೆಯಾ? ದಾವಣಗೆರೆಯಲ್ಲಿ 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜಿದೆ, 2006ರಿಂದ ಎಸ್‌ಎಸ್ ಮೆಡಿಕಲ್ ಕಾಲೇಜಿದೆ. ಚಿತ್ರದುರ್ಗಕ್ಕೂ 2023ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಜೆಜೆಎಂನ ಡಾಕ್ಟರುಗಳು, ವಿದ್ಯಾರ್ಥಿಗಳು ದಾವಣಗೆರೆಯದೇ ಸರ್ಕಾರಿ ಚಿಗಟೇರಿ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡುತ್ತಾರೆ. ಖಾಸಗಿ ಕಾಲೇಜು, ಸರ್ಕಾರಿ ಹಾಸಿಗೆ! ಕೂಡಿ ಕೆಲಸ ಮಾಡುವುದು ನಮ್ಮೂರಿಗೆ ಹೊಸದಲ್ಲ.

ಹೃದಯದ ವಿಷಯದಲ್ಲಿ ದಾರಿಯೂ ಕಂಡಿದೆ. 2023ರಲ್ಲಿ ಸರ್ಕಾರ ಘೋಷಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡಾಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ. ಹೃದಯಾಘಾತ ಅಂತ ಖಚಿತವಾದರೆ, ಅಗತ್ಯ ಇರುವವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಆಂಬುಲೆನ್ಸ್. ಅಂದರೆ ರೋಗಿಗಿಂತ ಮೊದಲು ಸುದ್ದಿ ಹೋಗುತ್ತದೆ. ಉಸಿರಾಟಕ್ಕೆ, ಹೆರಿಗೆಗೆ, ಹಾವು ಕಡಿತಕ್ಕೆ ಹೀಗೇ ಯಾಕೆ ಆಗಬಾರದು?

ರಕ್ತದ್ದೂ ಅಷ್ಟೇ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಒಂದು ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮುಗಿಯುತ್ತಿರುವ ಚೀಲ ಇನ್ನೊಂದು ಆಸ್ಪತ್ರೆಯ ಡೆಂಗಿ ರೋಗಿಗೆ ಸಿಗಬೇಕಾದರೆ ಇಬ್ಬರೂ ದಿನಾ ಮಾತಾಡುತ್ತಿರಬೇಕು.

ಹಾಗಾಗಿ ನಾನು ಕೇಳುವುದು ಇಷ್ಟು. ಆಂಬುಲೆನ್ಸ್ ಹೊರಡುವ ಮೊದಲು ಕಳಿಸುವ ಡಾಕ್ಟರು ಸೇರಿಸಿಕೊಳ್ಳುವ ಡಾಕ್ಟರಿಗೆ ಫೋನ್ ಮಾಡಲಿ. ಎಲ್ಲಿ ಬೆಡ್ ಖಾಲಿ ಇದೆ ಅಂತ ಅವರೇ ವಿಚಾರಿಸಲಿ. ಕೊಟ್ಟ ಔಷಧಿ, ಹೊತ್ತು, ಪರೀಕ್ಷೆಯ ಫಲಿತಾಂಶ ಚೀಟಿಯಲ್ಲಿ ಬರಲಿ. ಸರ್ಕಾರಿ, ಖಾಸಗಿ ಎರಡೂ ಒಂದೇ ಚೀಟಿ ಬಳಸಲಿ. ಮಷಿನ್ ಬೇಕಾದ ಕೆಲಸವಲ್ಲ ಇದು, ಮನಸ್ಸು ಬೇಕು.

ರೋಗಿ ಗುಣವಾಗಿ ಬಂದ ಮೇಲೂ ಹಾಗೇ. ಬಿಪಿ ನೋಡಿಸಲು, ಅದೇ ಮಾತ್ರೆ ಮುಂದುವರಿಸಲು ಕೂಲಿ ಬಿಟ್ಟು, ಬಸ್ ಹಿಡಿದು ದಾವಣಗೆರೆಗೆ ಬರುವವರನ್ನು ಪಿ.ಬಿ. ರಸ್ತೆಯಲ್ಲಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಷ್ಟೋ ಜನರಿಗೆ ಅದು ತಾಲ್ಲೂಕಿನಲ್ಲೇ ಆಗುವ ಕೆಲಸ ಅಲ್ವಾ? ಆದರೆ ಅಲ್ಲಿನ ಡಾಕ್ಟರಿಗೆ ದೊಡ್ಡಾಸ್ಪತ್ರೆಯಲ್ಲಿ ಏನಾಯಿತು ಅಂತ ತಿಳಿದಿರಬೇಕು.

ನೀವು ಈ ವಾರವೇ ಒಂದು ಕೆಲಸ ಮಾಡಿ. ಅತ್ತೆಯವರ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ತೆಗೆಸಿ, ಅವತ್ತು ಚೀಟಿ ಬರೆದ ಡಾಕ್ಟರಿಗೆ ಕೊಟ್ಟು ಬನ್ನಿ. ತಾವು ಕಳಿಸಿದ ಆ ಅಜ್ಜಿ ಏನಾದರು ಅಂತ ಅವರಿಗೆ ಇನ್ನೂ ಯಾರೂ ಹೇಳಿರಲಿಕ್ಕಿಲ್ಲ.