ಆರು ನಿಮಿಷದ ಹಾಡು, ಎರಡು ಸಲ ನಂಬರ್ ಒನ್

ಪ್ರಶ್ನೆ: ಕ್ವೀನ್ ಬ್ಯಾಂಡಿನ 'ಬೊಹೀಮಿಯನ್ ರಾಪ್ಸಡಿ' ಎರಡು ಸಲ ನಂಬರ್ ಒನ್ ಆಗಿತ್ತಂತೆ, ನಿಜಾನಾ? ಅಷ್ಟುದ್ದದ ಹಾಡನ್ನು ರೇಡಿಯೊದವರು ಹಾಕಿದ್ದು ಹೇಗೆ?
– ಓದುಗರು, ಧಾರವಾಡ

ಉತ್ತರ: ನಿಜ. ಬ್ರಿಟನ್ನಿನಲ್ಲಿ ವಾರವಾರ ಹೆಚ್ಚು ಮಾರಾಟವಾಗುವ ಹಾಡುಗಳ ಪಟ್ಟಿಯಲ್ಲಿ 1975ರ ಕೊನೆಗೆ ಮೇಲೆ ಹತ್ತಿದ್ದು 9 ವಾರ ಇಳಿಯಲೇ ಇಲ್ಲ. 1991ರ ನವೆಂಬರ್ 24ರಂದು ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡರು. ಹಾಡು ಮತ್ತೆ ಬಿಡುಗಡೆಯಾಯಿತು, ಆಗ ಇನ್ನೂ 5 ವಾರ.

ಹಾಡಿನ ಉದ್ದ 5 ನಿಮಿಷ 55 ಸೆಕೆಂಡ್. ಆಗಿನ ಸಿಂಗಲ್‌ಗಳು, ಅಂದರೆ ಬಿಡಿಯಾಗಿ ಬಿಡುಗಡೆಯಾಗುವ ಹಾಡುಗಳು, ಸಾಮಾನ್ಯವಾಗಿ ಮೂರು ನಿಮಿಷದ ಆಸುಪಾಸು ಇರುತ್ತಿದ್ದವು. ಹಾಗಾಗಿ ರೆಕಾರ್ಡ್ ಕಂಪನಿಯವರು ಇದು ಜಾಸ್ತಿಯಾಯ್ತು ಅಂದರು, ಆದರೆ ಬ್ಯಾಂಡಿನವರು ಕತ್ತರಿ ಹಾಕಲು ಒಪ್ಪಲಿಲ್ಲ. ಲಂಡನ್ನಿನ ಕ್ಯಾಪಿಟಲ್ ರೇಡಿಯೊದ ನಿರೂಪಕ ಕೆನ್ನಿ ಎವೆರೆಟ್ ಬಿಡುಗಡೆಗೂ ಮುಂಚೆಯೇ ಒಂದೇ ವಾರಾಂತ್ಯದಲ್ಲಿ ಅದನ್ನು 14 ಸಲ ಹಾಕಿದರು. ಕೇಳಿದವರು ಅಂಗಡಿಗೆ ಓಡಿದರೆ ರೆಕಾರ್ಡ್ ಇನ್ನೂ ಬಂದೇ ಇಲ್ಲ!

ನನಗೆ ತುಂಬಾ ಇಷ್ಟ ನಡುವಿನ ಆಪೆರಾ (ಪಾಶ್ಚಾತ್ಯ ಸಂಗೀತ ನಾಟಕ) ಶೈಲಿಯ ಭಾಗ. ದೊಡ್ಡ ಮೇಳವೇ ಹಾಡುತ್ತಿದೆ ಅನ್ನಿಸುತ್ತದೆ ಅಲ್ವಾ? ಇರುವುದು ಬ್ಯಾಂಡಿನವರೇ ಆದ ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್, ಮೂರೇ ದನಿ. ಒಂದರ ಮೇಲೊಂದು ದನಿ ಸೇರಿಸುತ್ತಾ, ಅದೇ ಟೇಪನ್ನು ಮತ್ತೆ ಮತ್ತೆ ಓಡಿಸಿ, ಕೊನೆಗೆ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ಅದು ಸವೆದುಹೋಗಿತ್ತಂತೆ. ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿ, ದನಿಗಳು ಎಡಕಿವಿಯಿಂದ ಬಲಕಿವಿಗೆ ಹಾರುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಅಂದ ಹಾಗೆ, ಮರ್ಕ್ಯುರಿ ಪಾರ್ಸಿ ಮನೆತನದವರು. ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗನಿಯಲ್ಲಿ, ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ.