ಬಾಕಿ ಲೆಕ್ಕ ಕೊಡದೆ ಸತಾಯಿಸುವ ಖಾಸಗಿ ಸಾಲ ಕೊಟ್ಟವರು

ಹಳೆಯ ಖಾಸಗಿ ಸಾಲ ತೀರಿಸಲು ಬ್ಯಾಂಕ್ ಸಾಲ ಮಂಜೂರಾಗಿದೆ, ಆದರೆ ಮನೆ ಅಡಮಾನ ಇಟ್ಟುಕೊಂಡವರು ಬಾಕಿ ಲೆಕ್ಕ ಬರೆದುಕೊಡುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಸಾಲಪತ್ರ ತೆಗೆದು ಓದಿ. ಅವಧಿಗೆ ಮುಂಚೆ ತೀರಿಸಬಹುದಾ, ದಂಡ ಎಷ್ಟು, ಎಷ್ಟು ದಿನ ಮುಂಚೆ ತಿಳಿಸಬೇಕು ಅನ್ನೋದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಇನ್ನು ಸುಮ್ನೆ ಫೋನ್ ಮಾಡುತ್ತಾ ಕೂರಬೇಡಿ. ದಾಖಲೆ ಉಳಿಯುವಂತೆ ನೋಟಿಸ್ ಕಳಿಸಿ. ಅಸಲು, ಬಡ್ಡಿ, ದಂಡ ಬೇರೆ ಬೇರೆಯಾಗಿ ಕೇಳಿ. ತೀರಿಸುವ ದಿನಾಂಕ ಹಾಕಿ, ಅದು ದಾಟಿದರೆ ದಿನಕ್ಕೆ ಎಷ್ಟು ಬಡ್ಡಿ ಅಂತಲೂ ಕೇಳಿ. ನೀವೇ ಹಾಕಿದ ಲೆಕ್ಕವನ್ನು, ಕಟ್ಟಿದ್ದಕ್ಕೆ ಪುರಾವೆಯನ್ನು ಜೊತೆಗಿಡಿ. ತಪ್ಪು ಲೆಕ್ಕ ಕಣ್ಣಿಗೆ ಬಿದ್ದರೆ ಸುಮ್ಮನಿದ್ದವರೂ ಮಾತಾಡುತ್ತಾರೆ!

ಸಾಲ ಕೊಟ್ಟವರಿಗೆ ಬಡ್ಡಿ ನಿಂತುಹೋಗುತ್ತದೆ ಅನ್ನೋ ಬೇಸರ ಒಂದು ಕಡೆ. ಹಣ ಬರುವ ಮೊದಲೇ ಮನೆ ಪತ್ರ ಕೈಬಿಡಬೇಕಲ್ಲ ಅನ್ನೋ ಭಯ ಇನ್ನೊಂದು. ಭಯ ನ್ಯಾಯವಾದದ್ದೇ, ಅಲ್ವಾ? ಬ್ಯಾಂಕೇ ನೇರವಾಗಿ ಅವರಿಗೆ ಹಣ ಕೊಟ್ಟು, ಅದೇ ಹೊತ್ತಿಗೆ ವಕೀಲರ ಮುಂದೆ ಮೂಲ ಪತ್ರ ಮತ್ತು ಅಡಮಾನ ಬಿಡುಗಡೆ ಪತ್ರ ಪಡೆಯಲಿ. ನೀವು ನಗದು ಕೊಡಬೇಡಿ.

ಅದಕ್ಕೂ ಜಗ್ಗದಿದ್ದರೆ, ಬಾಕಿ ಹಣವನ್ನು ಕೋರ್ಟಿನಲ್ಲಿ ಠೇವಣಿ ಇಟ್ಟು ಆಸ್ತಿ ಬಿಡಿಸಿಕೊಳ್ಳುವ ದಾರಿ ಹಲವು ಕಡೆ ಕಾನೂನಿನಲ್ಲೇ ಇದೆ. ವಕೀಲರನ್ನು ಕೇಳಿ. ಅಷ್ಟರಲ್ಲಿ ಮಂಜೂರಾತಿಯ ಅವಧಿ ಮುಗಿಯದಂತೆ ಬ್ಯಾಂಕಿನಿಂದ ವಿಸ್ತರಣೆ ಪಡೆದಿಡಿ.